ಹೇರುವುದೋ, ಏರುವುದೋ?



ಜುಲೈ ತಿಂಗಳ ಎರಡನೆಯ ಭಾನುವಾರ ಬೆಂಗಳೂರಿನಲ್ಲಿ ಜಾವಾ–ಯೆಜ್ಡಿ ಬೈಕುಗಳ ಮೇಳ ನಡೆಯುವುದುಂಟು. ಮೈಸೂರಿನಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ದಿವಂಗತ ತಂದೆಯ ಯೆಜ್ಡಿಯನ್ನು ಟೆಂಪೋದಲ್ಲಿ ಹೇರಿಕೊಂಡು ಹೋಗಲು ನಿಶ್ಚಯಿಸಿ, “ಇದು ಸರಿಯೇ ಮೇಷ್ಟ್ರೇ?” ಎಂದು ಕೇಳಿದ್ದಾನೆ.

ಅವನ ಅಂಜಿಕೆ ನಿರಾಧಾರವಲ್ಲ. ಯೆಜ್ಡಿ ತಯಾರಿಸುತ್ತಿದ್ದ ಮೈಸೂರಿನ ಕಾರ್ಖಾನೆ 1996ರಲ್ಲೇ ಮುಚ್ಚಿತು. ದಾರಿಯಲ್ಲಿ ಕೆಟ್ಟರೆ ಬಿಡಿಭಾಗ ಸಿಗುವುದು ಕಷ್ಟ. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿಯ ಮುಖ್ಯ ಪಥಗಳಲ್ಲಿ ದ್ವಿಚಕ್ರ ವಾಹನಗಳಿಗೆ ಪ್ರವೇಶವೂ ಇಲ್ಲ.

ಆದರೂ ಏರಿಯೇ ಹೋಗಬೇಕೆಂಬುದು ನನ್ನ ಅಭಿಪ್ರಾಯ. ಪೆಟ್ರೋಲಿಗೆ ಹದವಾಗಿ ಆಯಿಲ್ ಬೆರೆಸುವುದು, ಗೇರ್ ಲಿವರನ್ನೇ ಎತ್ತಿ ನಿಲ್ಲಿಸಿ ಕಿಕ್ ಹೊಡೆಯುವುದು, ಇವೆಲ್ಲ ಓಡಿಸಿದವನಿಗೆ ಮಾತ್ರ ಒಲಿಯುವ ವಿದ್ಯೆ. ತಂದೆಯಿಂದ ಅವನಿಗೆ ಬಂದಿರುವ ಆಸ್ತಿಯೂ ಅದೇ.

ಹಿಂದೊಮ್ಮೆ ಬೈಕು ಹೇರಿಕೊಂಡು ಬಂದ ಗೆಳೆಯನನ್ನು ಎಲ್ಲರೆದುರು ಹಂಗಿಸಿದ್ದೆ. ಅವನ ಮೊಣಕಾಲು ಮಡಚುತ್ತಿರಲಿಲ್ಲವೆಂದು ಆಮೇಲೆ ತಿಳಿಯಿತು. ಆ ನಾಚಿಕೆ ಇನ್ನೂ ನನ್ನನ್ನು ಬಿಟ್ಟಿಲ್ಲ. ಆದ್ದರಿಂದ ಮೈಯಲ್ಲಿ ಶಕ್ತಿಯಿಲ್ಲದವರು ಹೇರಿಕೊಂಡೇ ಬರಲಿ, ಯಾರೂ ನಗಬಾರದು.

ನೀನಾದರೋ ಗಟ್ಟಿಮುಟ್ಟಾಗಿದ್ದೀಯಪ್ಪ. ಬನ್ನೂರು, ಮಳವಳ್ಳಿ, ಕನಕಪುರದ ಹಳೆಯ ದಾರಿ ಹಿಡಿದು ನಿಧಾನವಾಗಿ ಹೋಗು. ಕೆಟ್ಟು ನಿಂತರೆ ಫೋನ್ ಮಾಡು, ಟೆಂಪೋ ನಾನೇ ಕಳುಹಿಸುತ್ತೇನೆ.