ಪಾಲುದಾರಿಕೆ ಅಂದ್ರೆ ಗಾಜಿನ ಕಟ್ಟಡ ಮಾತ್ರಾನಾ?

2025ರ ಫೆಬ್ರವರಿಯಲ್ಲಿ ಅರಮನೆ ಮೈದಾನದಲ್ಲಿ ನಾಲ್ಕು ದಿನ ಇನ್ವೆಸ್ಟ್ ಕರ್ನಾಟಕ ಸಮಾವೇಶ ನಡೀತು. ಕೊನೆಗೆ 10.27 ಲಕ್ಷ ಕೋಟಿ ರೂಪಾಯಿ ಬಂಡವಾಳದ ಭರವಸೆ ಸಿಕ್ಕಿದೆ ಅಂತ ಸರ್ಕಾರ ಹೇಳಿತು. ಸೊನ್ನೆಗಳನ್ನು ಎಲ್ಲರೂ ಎಣಿಸಿದ್ವಿ. 'ಭರವಸೆ' ಅನ್ನೋ ಪದದ ಹತ್ತಿರ ಯಾರೂ ನಿಲ್ಲಲಿಲ್ಲ.

ಹೊರದೇಶದ ಬಂಡವಾಳ ಬೇಡ ಅನ್ನೋರಲ್ಲ ನಾವು. ವೈಟ್‌ಫೀಲ್ಡ್‌ನ ಐಟಿಪಿಎಲ್ 1990ರ ದಶಕದಲ್ಲಿ ಸಿಂಗಪುರದ ಕಂಪನಿಗಳು, ಟಾಟಾ ಮತ್ತು ಕರ್ನಾಟಕ ಸರ್ಕಾರ ಸೇರಿ ಕಟ್ಟಿದ್ದು. ನಮ್ಮಲ್ಲಿ ಅರ್ಧ ಜನರ ಪ್ಲೇಸ್‌ಮೆಂಟ್ ಕನಸು ಅಲ್ಲೇ ಇದೆ. ಆದರೆ ಒಪ್ಪಂದಗಳನ್ನು ಬರೀ ಕೋಟಿಯಲ್ಲಿ ಅಳೆಯೋದು ಸಾಕು ಅನ್ನಿಸುತ್ತೆ. ಎಷ್ಟು ಜನಕ್ಕೆ ಕೆಲಸ ಕಲಿಸ್ತು ಅಂತಾನೂ ಕೇಳಬೇಕು.

ಯಾಕೆ ಅಂದ್ರೆ ಕಲಿಸಿದ ಒಪ್ಪಂದಗಳು ಈ ಊರಲ್ಲೇ ಇವೆ. ರಾಜಾಜಿನಗರದ ಜಿಟಿಟಿಸಿ 1972ರಲ್ಲಿ ಡೆನ್ಮಾರ್ಕ್ ಸರ್ಕಾರದ ನೆರವಿನಿಂದ ಶುರುವಾದದ್ದು. ಎನ್‌ಟಿಟಿಎಫ್ ಶುರುವಾಗಿದ್ದು 1959ರಲ್ಲಿ, ಕೇರಳದ ತಲಶ್ಶೇರಿ ಹತ್ತಿರದ ನೆಟ್ಟೂರಿನಲ್ಲಿ, ಸ್ವಿಸ್ ನೆರವಿನಿಂದ. ಆಮೇಲೆ ಪೀಣ್ಯಕ್ಕೆ ಬಂತು. ಎರಡೂ ಕಡೆ ಹತ್ತನೇ ಕ್ಲಾಸ್ ಮುಗಿಸಿದ ಹುಡುಗರಿಗೆ ಟೂಲ್ ಅಂಡ್ ಡೈ ಕೆಲಸ ಕಲಿಸ್ತಾರೆ. ನಾವು ಕ್ಯಾಡ್‌ನಲ್ಲಿ ಗೆರೆ ಎಳೆದು ಟಾಲರೆನ್ಸ್ ಬರೆದುಬಿಡ್ತೀವಿ. ಅದನ್ನು ಕಬ್ಬಿಣದಲ್ಲಿ ಮಾಡಿ ತೋರಿಸೋರು ಅವರು. (ವರ್ಕ್‌ಶಾಪ್ ಲ್ಯಾಬ್‌ನಲ್ಲಿ ನಾವು ಫೈಲ್ ಮಾಡಿದ ವಿ-ಜಾಯಿಂಟ್ ಬಗ್ಗೆ ಇಲ್ಲಿ ಮಾತಾಡೋದು ಬೇಡ.)

ಇಂಥ ಕೈಗಳು ಇದ್ದರೆ ವ್ಯಾಪಾರ ಎರಡೂ ದಿಕ್ಕಿಗೆ ಹರಿಯುತ್ತೆ. ವಿಮಾನ ಇಳಿಯುವಾಗ ರೆಕ್ಕೆಯ ಹಿಂಭಾಗ ಕೆಳಗೆ ಬಾಗುತ್ತಲ್ಲ, ಏರ್‌ಬಸ್ ಎ320ರಲ್ಲಿ ಆ ಭಾಗವನ್ನು ಹೊರುವ ಫ್ಲ್ಯಾಪ್ ಟ್ರ್ಯಾಕ್ ಬೀಮ್ ಮಾಡಿಕೊಡೋದು ಪೀಣ್ಯದ ಡೈನಮ್ಯಾಟಿಕ್ ಕಂಪನಿ. 2024ರಲ್ಲಿ ಎ220 ವಿಮಾನದ ಬಾಗಿಲುಗಳ ಆರ್ಡರ್ ಕೂಡ ಇವರಿಗೇ ಬಂತು. ಇದೇ ಕಂಪನಿ 2011ರಲ್ಲಿ ಜರ್ಮನಿಯ ಒಂದು ಫೌಂಡ್ರಿಯನ್ನು ಕೊಂಡುಕೊಂಡಿತು. ಪೀಣ್ಯದ ದುಡ್ಡು ಯುರೋಪಿಗೆ ಬಂಡವಾಳವಾಗಿ ಹೋಗಿದೆ ಅಂದ್ರೆ ನಮ್ಮ ಕ್ಲಾಸಲ್ಲಿ ಎಷ್ಟು ಜನ ನಂಬ್ತಾರೆ?

ಆದರೆ ಪೀಣ್ಯದಲ್ಲಿ ಇಂಥ ಕಂಪನಿಗಳು ಕೆಲವೇ. ಮಿಕ್ಕವು ಸಾವಿರಾರು ಸಣ್ಣ ಶೆಡ್ಡುಗಳು. ಅವುಗಳ ಮುಂದೆ ಈಗ ಹೊಸ ಪರೀಕ್ಷೆ ಇದೆ. ಯುರೋಪಿಯನ್ ಒಕ್ಕೂಟದ ಕಾರ್ಬನ್ ಗಡಿ ಶುಲ್ಕ 2026ರ ಜನವರಿಯಿಂದ ಪೂರ್ತಿ ಜಾರಿ. ಉಕ್ಕು, ಅಲ್ಯೂಮಿನಿಯಂ ಜೊತೆ ಕಬ್ಬಿಣದ ಬೋಲ್ಟು, ನಟ್ಟು, ಸ್ಕ್ರೂ ಕೂಡ ಪಟ್ಟಿಯಲ್ಲಿವೆ. ಶುಲ್ಕ ಕಟ್ಟೋದು ಅಲ್ಲಿನ ಆಮದುದಾರ, ಲೆಕ್ಕ ಕೊಡಬೇಕಾದ್ದು ಇಲ್ಲಿನ ಶೆಡ್ಡು: ಉಕ್ಕು ಯಾವ ಮಿಲ್ಲಿನದು, ಅಲ್ಲಿ ಎಷ್ಟು ಕಾರ್ಬನ್ ಹೊರಬಂತು, ತನ್ನ ಫರ್ನೇಸಿಗೆ ಎಷ್ಟು ಇಂಧನ ಹೋಯ್ತು. ಹದಿನೈದು ಜನರನ್ನು ಇಟ್ಕೊಂಡು, ಜಿಎಸ್‌ಟಿ ರಿಟರ್ನ್‌ಗೇ ಆಡಿಟರ್ ಹತ್ತಿರ ಓಡೋ ಓನರ್ ಇದನ್ನೆಲ್ಲ ಯಾವಾಗ ಬರೀಬೇಕು? ಲೆಕ್ಕ ಕೊಡೋಕೆ ಆಗದವರನ್ನು ಬಿಟ್ಟು ಗಿರಾಕಿ ಬೇರೆ ಕಡೆ ಹೋಗ್ತಾನೆ.

ಸ್ವಿಟ್ಜರ್ಲೆಂಡ್, ನಾರ್ವೆ, ಐಸ್‌ಲ್ಯಾಂಡ್, ಲಿಕ್ಟನ್‌ಸ್ಟೈನ್ ಜೊತೆಗಿನ ವ್ಯಾಪಾರ ಒಪ್ಪಂದ 2025ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. 15 ವರ್ಷದಲ್ಲಿ 10,000 ಕೋಟಿ ಡಾಲರ್ ಬಂಡವಾಳ, 10 ಲಕ್ಷ ಉದ್ಯೋಗ ಅದರ ಗುರಿ. ಈ ದುಡ್ಡಲ್ಲಿ ಒಂದು ಪಾಲು ಪೀಣ್ಯದಲ್ಲಿ ಎಲ್ಲರೂ ಬಳಸಬಹುದಾದ ಟೆಸ್ಟಿಂಗ್ ಲ್ಯಾಬ್‌ಗೆ, ತರಬೇತಿಗೆ ಬರಲಿ ಅಂತ ಸರ್ಕಾರ ಪಟ್ಟು ಹಿಡಿದು ಕೇಳಬೇಕು. 1959ರಲ್ಲಿ ಸಾಧ್ಯವಾಗಿದ್ದು ಈಗ ಯಾಕೆ ಆಗಬಾರದು?

ನಮ್ಮ ಕಾಲೇಜನ್ನೂ ಒಂದು ಮಾತು ಕೇಳ್ತೀವಿ. ಪ್ರತಿ ವರ್ಷ ಅದೇ ಲೈನ್ ಫಾಲೋಯರ್ ರೋಬೋ, ಅದೇ ಸ್ಮಾರ್ಟ್ ಡಸ್ಟ್‌ಬಿನ್ ಮಿನಿ ಪ್ರಾಜೆಕ್ಟ್ ಆಗಿ ಬರ್ತಿವೆ. ಅದರ ಬದಲು ನಾಲ್ಕು ಜನರ ಒಂದು ಟೀಮಿಗೆ ಒಂದು ಶೆಡ್ಡು ಕೊಡಿ. ಮೆಕ್ಯಾನಿಕಲ್‌ನವರು ಫರ್ನೇಸ್ ಅಳೀಲಿ, ಸಿಎಸ್‌ನವರು ಕಾರ್ಬನ್ ಲೆಕ್ಕದ ಶೀಟನ್ನು ಕನ್ನಡದಲ್ಲಿ ಮಾಡ್ಲಿ. ಸೂಪರ್‌ವೈಸರ್ ತುಂಬೋದು ಕನ್ನಡದಲ್ಲಿ, ಗಿರಾಕಿಗೆ ಹೋಗೋದು ಇಂಗ್ಲಿಷ್‌ನಲ್ಲಿ. ಇಂಗ್ಲಿಷ್ ಮೀಡಿಯಂನಲ್ಲಿ ಓದಿ ಕನ್ನಡ ಸಂಘಕ್ಕೆ ಸೇರಿಕೊಂಡಿರೋ ನಮ್ಮಂಥೋರಿಗೆ ಹೇಳಿ ಮಾಡಿಸಿದ ಕೆಲಸ ಇದು. ಹೋಗೋದು ಹೇಗೆ ಅಂತ ಕೇಳಬೇಡಿ, ಗ್ರೀನ್ ಲೈನ್‌ನಲ್ಲಿ ಪೀಣ್ಯ ಇಂಡಸ್ಟ್ರಿ ಅಂತ ಸ್ಟೇಷನ್ನೇ ಇದೆ.