ಮಿಸಿಸಿಪ್ಪಿಯ ವಿಜಯಾವಿವಾದ

ಭಂಗಿ, ಗಾಂಜಾ ಎಂಬ ಹೆಸರುಗಳನ್ನು ಕೇಳಿದೊಡನೆ ಮುಖವನ್ನು ತಿರುಗಿಸುವುದು ಸಭ್ಯ ಗೃಹಸ್ಥರ ವಾಡಿಕೆ. ಹಾಳುಮಂಟಪದಲ್ಲಿ ಚಿಲುಮೆ ಸೇದುವ ಬೈರಾಗಿಯ ಚಿತ್ರವೇ ಕಣ್ಣ ಮುಂದೆ ನಿಲ್ಲುವುದರಿಂದ ಅದು ಸಹಜವೂ ಹೌದು. ಚಟಕ್ಕೆ ಬಿದ್ದವನ ಮನೆಯ ದುಃಖವನ್ನು ಬಲ್ಲ ಯಾರೂ ಆ ಜುಗುಪ್ಸೆಯನ್ನು ಹಳಿಯಲಾರರು. ಆದರೆ ಜುಗುಪ್ಸೆಯು ಪ್ರಮಾಣವಲ್ಲ. ರೋಗಿಯೊಬ್ಬನು ಔಷಧವನ್ನು ಬೇಡುತ್ತ ಬಾಗಿಲಲ್ಲಿ ನಿಂತಿರುವಾಗಲಂತೂ ಅದನ್ನು ಪ್ರಮಾಣವೆಂದು ಹಿಡಿಯುವುದು ನಿರ್ದಯತೆ. ಅಮೆರಿಕ ಸಂಯುಕ್ತ ಸಂಸ್ಥಾನಗಳ ದಕ್ಷಿಣ ಭಾಗದಲ್ಲಿರುವ ಮಿಸಿಸಿಪ್ಪಿ ಎಂಬ ಸಂಸ್ಥಾನದಲ್ಲಿ 2020ರಿಂದ 2022ರವರೆಗೆ ನಡೆದ ವಿವಾದವನ್ನು ಪರಿಶೀಲಿಸಿದರೆ, ಜುಗುಪ್ಸೆಯು ಕಾಯಿದೆಯ ವೇಷವನ್ನು ಧರಿಸಿ ಎಷ್ಟು ದೂರ ನಡೆಯಬಲ್ಲುದೆಂಬುದು ವಾಚಕರಿಗೆ ವಿಶದವಾದೀತು.

ಮಿಸಿಸಿಪ್ಪಿಯು ಪೂರ್ವಾಚಾರನಿಷ್ಠೆಗೆ ಹೆಸರಾದ ಸೀಮೆ. ಮದ್ಯವನ್ನು ದೇಶದಲ್ಲೆಲ್ಲ ನಿಷೇಧಿಸುವ ತಿದ್ದುಪಡಿಗೆ 1918ರಲ್ಲಿ ಮೊಟ್ಟಮೊದಲು ಒಪ್ಪಿಗೆ ಕೊಟ್ಟುದು ಅದೇ. ದೇಶವೆಲ್ಲ ಆ ನಿಷೇಧವನ್ನು ಬಿಟ್ಟ ಮೇಲೂ 1966ರವರೆಗೆ ಅದನ್ನು ಬಿಡದೆ ಹಿಡಿದುದೂ ಅದೇ. ಈ ನಿಷ್ಠೆಯ ನಡುವೆಯೇ, ನಿಷಿದ್ಧವಾದ ಆ ಮದ್ಯದ ಮಾರಾಟದ ಮೇಲೆ 1944ರಿಂದ ತೆರಿಗೆಯನ್ನೂ ವಸೂಲು ಮಾಡುತ್ತಿದ್ದಿತು! ಪಾಪವನ್ನು ಖಂಡಿಸುವುದು ಬಲಗೈಯ ಕೆಲಸ, ಅದರ ಕಾಸನ್ನು ಎಣಿಸುವುದು ಎಡಗೈಯ ಕೆಲಸವೆಂದು ಅಲ್ಲಿಯ ಅಧಿಕಾರಿಗಳು ಹಂಚಿಕೊಂಡಿದ್ದರೆಂದು ತೋರುತ್ತದೆ. ಭಂಗಿಯ ವಿಷಯದಲ್ಲಿಯೂ ಹೀಗೆಯೇ ಆಯಿತು. ಆ ಸಂಸ್ಥಾನದ ಆಕ್ಸ್‌ಫರ್ಡ್ ಪಟ್ಟಣದಲ್ಲಿರುವ ವಿಶ್ವವಿದ್ಯಾನಿಲಯದ ತೋಟದಲ್ಲಿ 1968ರಿಂದ ಕೇಂದ್ರಸರ್ಕಾರವೇ ಸಂಶೋಧನೆಗಾಗಿ ಈ ಗಿಡವನ್ನು ಬೆಳೆಸುತ್ತ ಬಂದಿತು. 1976ರಲ್ಲಿ ರಾಬರ್ಟ್ ರಾಂಡಲ್ ಎಂಬಾತನು ತನ್ನ ಕಣ್ಣುಗಳು ಗ್ಲಾಕೋಮ ಎಂಬ ರೋಗದಿಂದ ನಂದಿಹೋಗದಿರಲು ಇದು ಅವಶ್ಯವೆಂದು ನ್ಯಾಯಾಲಯದಲ್ಲಿ ಸಾಧಿಸಿದ ಮೇಲೆ, ಅವನಿಗೂ ಅನಂತರ ಬೆರಳೆಣಿಕೆಯ ಇತರ ರೋಗಿಗಳಿಗೂ ಸರ್ಕಾರದವರು ಕೊಟ್ಟ ಸೊಪ್ಪು ಈ ತೋಟದ್ದೇ. ಅರ್ಧ ಶತಮಾನ ತಮ್ಮ ಮಣ್ಣಿನಲ್ಲಿ ಬೆಳೆದು ಪರಸ್ಥಳದ ರೋಗಿಗಳಿಗೆ ಹೋಗುತ್ತಿದ್ದ ವಸ್ತುವನ್ನು ಮಿಸಿಸಿಪ್ಪಿಯ ರೋಗಿಗಳು ಮುಟ್ಟಿದರೆ ಅಪರಾಧ!

ಈಗ ಪೂರ್ವಪಕ್ಷವನ್ನು ನೋಡೋಣ. ‘ಹಿರಿಯರು ಒಪ್ಪದುದನ್ನು ನಾವು ಒಪ್ಪುವುದು ಹೇಗೆ? ಸಂಪ್ರದಾಯವನ್ನು ಕಾಯುವುದೇ ನಮ್ಮ ಧರ್ಮ’ ಎಂಬುದು ಅಲ್ಲಿಯ ವಿರೋಧಿಗಳ ಮೊದಲನೆಯ ಮಾತು. ಯಾವ ಹಿರಿಯರು? ಐರ್ಲೆಂಡಿನವನಾದ ಓಶಾನೆಸಿ ಎಂಬ ವೈದ್ಯನು ಕಲ್ಕತ್ತೆಯ ವೈದ್ಯಕಲಾಶಾಲೆಯಲ್ಲಿದ್ದಾಗ, ನಮ್ಮ ಜನರು ಬಳಸುತ್ತಿದ್ದ ಈ ಮೂಲಿಕೆಯನ್ನು ಮೊದಲು ಪ್ರಾಣಿಗಳ ಮೇಲೂ ಆಮೇಲೆ ಧನುರ್ವಾಯು, ಸಂಧಿವಾತ ಮುಂತಾದ ರೋಗಗಳಲ್ಲಿಯೂ ಪರೀಕ್ಷಿಸಿ 1839ರಲ್ಲಿ ತನ್ನ ಪ್ರಬಂಧವನ್ನು ಓದಿದನು. ಅಲ್ಲಿಂದ ಅದು ಪಾಶ್ಚಾತ್ಯ ವೈದ್ಯಕ್ಕೆ ಸೇರಿತು. ಅಮೆರಿಕದ ಅಧಿಕೃತ ಔಷಧಕೋಶದಲ್ಲಿ 1850ರ ಪರಿಷ್ಕರಣದಿಂದ 1942ರವರೆಗೆ, ಎಂದರೆ ತೊಂಬತ್ತು ವರ್ಷಕ್ಕೂ ಮೇಲ್ಪಟ್ಟು, ಅದಕ್ಕೆ ಸ್ಥಾನವಿದ್ದಿತು. ಕೇಂದ್ರದ ನಿರ್ಬಂಧವು ಬಂದುದು 1937ರ ತೆರಿಗೆಯ ಕಾಯಿದೆಯಿಂದ; ಆಗ ಅಮೆರಿಕದ ವೈದ್ಯಸಂಘದ ಪರವಾಗಿ ವುಡ್‌ವರ್ಡ್ ಎಂಬುವರು ಆ ಕಾಯಿದೆಯನ್ನು ವಿರೋಧಿಸಿಯೇ ಸಾಕ್ಷ್ಯ ನುಡಿದರು. ಚಿಕಿತ್ಸೆಗೆ ನಿರುಪಯುಕ್ತವೆಂದು ಮೊದಲನೆಯ ಪಟ್ಟಿಗೆ ಸೇರಿಸಿದುದು 1970ರ ಮಾತು. ಹಾಗಾದರೆ ಈ ವಿವಾದದಲ್ಲಿ ಹಳೆಯದು ಯಾವುದು, ಹೊಸತು ಯಾವುದು? ಅಜ್ಜನ ಕಾಲದ ಔಷಧವನ್ನು ತಂದೆಯ ಕಾಲದ ಭಯದಿಂದ ತಳ್ಳಿಹಾಕಿ, ಅದನ್ನೇ ಸನಾತನವೆಂದು ಕರೆಯುವುದು ಸಂಪ್ರದಾಯನಿಷ್ಠೆಯಲ್ಲ, ಸಂಪ್ರದಾಯದ ವಿಸ್ಮೃತಿ.

ನಮ್ಮ ಆಯುರ್ವೇದದ ಗ್ರಂಥಕಾರರು ಈ ವಿಷಯದಲ್ಲಿ ಇವರಿಗಿಂತ ವಿವೇಕಿಗಳು. ಭಾವಮಿಶ್ರನು ಭಂಗೆಗೆ ವಿಜಯಾ ಎಂಬ ಪರ್ಯಾಯನಾಮವನ್ನು ಕೊಟ್ಟು, ಪಾಚನ, ಗ್ರಾಹಿ ಎಂಬ ಗುಣಗಳನ್ನು ಹೇಳಿ, ಅದೇ ಉಸಿರಿನಲ್ಲಿ ಮೋಹವನ್ನು ಹೆಚ್ಚಿಸುವುದೆಂಬ ದೋಷವನ್ನೂ ಎಣಿಸುತ್ತಾನೆ. ಶಾರ್ಙ್ಗಧರನು ಜೀರ್ಣವಾಗುವುದಕ್ಕೆ ಮೊದಲೇ ದೇಹವನ್ನೆಲ್ಲ ವ್ಯಾಪಿಸುವ ದ್ರವ್ಯಕ್ಕೆ ಅಫೀಮಿನೊಡನೆ ಇದನ್ನೇ ಉದಾಹರಿಸುತ್ತಾನೆ. ಗುಣವಿದೆಯೆಂದು ದೋಷವನ್ನು ಮುಚ್ಚಲಿಲ್ಲ. ದೋಷವಿದೆಯೆಂದು ಗುಣವನ್ನು ಅಳಿಸಲಿಲ್ಲ.

ಎರಡನೆಯ ಆಕ್ಷೇಪವು ಇದಕ್ಕಿಂತ ಗಟ್ಟಿಯಾದುದು. ‘ಔಷಧವೆಂದ ಮೇಲೆ ಪರೀಕ್ಷೆ ಬೇಕು, ಜನರ ಮತದಿಂದ ಔಷಧವು ಸಿದ್ಧವಾಗುವುದೆ?’ ಎಂದು ಅಲ್ಲಿಯ ವೈದ್ಯಸಂಘವೂ ಆರೋಗ್ಯಮಂಡಲಿಯೂ ಕೇಳಿದುವು. ಕೇಳಬೇಕಾದ ಪ್ರಶ್ನೆಯೇ. ಈ ಸೊಪ್ಪು ಸರ್ವರೋಗಹರವೆಂದು ಸಾರುವ ಉತ್ಸಾಹಿಗಳು ಸಂತೆಯಲ್ಲಿ ತೈಲ ಮಾರುವವರ ಜಾತಿಗೆ ಸೇರಿದವರು. ತಮ್ಮ ಪಕ್ಷಕ್ಕೆ ಅವರಷ್ಟು ಹಾನಿಯನ್ನು ಶತ್ರುಗಳೂ ಮಾಡಲಿಲ್ಲ. ಎಳೆಯ ವಯಸ್ಸಿನವರ ಮನಸ್ಸಿಗೆ ಇದರಿಂದ ಕೇಡುಂಟೆಂಬುದೂ ನಿಜ. ಆದರೆ ಅಮೆರಿಕದ ರಾಷ್ಟ್ರೀಯ ವಿದ್ವತ್ಪರಿಷತ್ತುಗಳು 2017ರಲ್ಲಿ ಪ್ರಕಟಿಸಿದ ವಿಸ್ತಾರವಾದ ವರದಿಯು, ವಯಸ್ಕರ ಬಹುಕಾಲದ ನೋವು, ಕ್ಯಾನ್ಸರಿನ ಚಿಕಿತ್ಸೆಯಿಂದ ಉಂಟಾಗುವ ವಾಂತಿ, ನರಗಳ ಒಂದು ಜಾಡ್ಯದಲ್ಲಿ ಸ್ನಾಯುಗಳು ಸೆಟೆದುಕೊಳ್ಳುವುದು—ಈ ಮೂರರಲ್ಲಿ ಪ್ರಯೋಜನಕ್ಕೆ ಬಲವಾದ ಆಧಾರವಿದೆಯೆಂದು ಹೇಳಿತು. ಇದರ ಸತ್ತ್ವದಿಂದ ಮಾಡಿದ ಅಪಸ್ಮಾರದ ಔಷಧವೊಂದಕ್ಕೆ 2018ರಲ್ಲಿ ಕೇಂದ್ರದ ಔಷಧಾಧಿಕಾರಿಗಳೇ ಒಪ್ಪಿಗೆಯಿತ್ತರು. ಇತ್ತ ಮಿಸಿಸಿಪ್ಪಿಯು ನೋವಿಗೆ ಅಫೀಮು ಜಾತಿಯ ಮಾತ್ರೆಗಳನ್ನು ಬರೆದುಕೊಡುವುದರಲ್ಲಿ ದೇಶದ ಮುಂಚೂಣಿಯ ಸಂಸ್ಥಾನಗಳಲ್ಲಿ ಒಂದು. ಆ ಮಾತ್ರೆಗಳಿಗೆ ಅಂಗಡಿಯ ಬಾಗಿಲು ತೆರೆದಿರುವಾಗ ಈ ಸೊಪ್ಪಿಗೆ ಮಾತ್ರ ಸೆರೆಮನೆಯ ಬಾಗಿಲೇ ಎಂದು ಜನರು ಕೇಳಿದುದರಲ್ಲಿ ಏನು ತಪ್ಪು?

ಶಾಸನಸಭೆಯು ಕಿವಿಗೊಡದಿರಲು, ಜನರು ರಾಜ್ಯಾಂಗದ 273ನೆಯ ವಿಧಿಯಂತೆ ಒಂದು ಲಕ್ಷಕ್ಕೂ ಮಿಕ್ಕ ಹಸ್ತಾಕ್ಷರಗಳನ್ನು ಕೂಡಿಸಿ ತಮ್ಮ ಸೂಚನೆಯನ್ನು ಮತಕ್ಕೆ ತಂದರು. ಸಭೆಯು ತನ್ನದೊಂದು ಬದಲು ಸೂಚನೆಯನ್ನು ಅದರ ಪಕ್ಕದಲ್ಲಿರಿಸಿ ಮತಪತ್ರವನ್ನು ಎರಡು ಮೆಟ್ಟಲಿನ ಒಗಟಾಗಿ ಮಾಡಿತು. ಆದರೂ 2020ರ ನವೆಂಬರ್ 3ರಂದು, ಎರಡರಲ್ಲಿ ಒಂದಾದರೂ ಬೇಕೆಂದು ನೂರಕ್ಕೆ 68 ಮಂದಿಯೂ, ಜನರ ಸೂಚನೆಯೇ ಬೇಕೆಂದು ನೂರಕ್ಕೆ ಸುಮಾರು 74 ಮಂದಿಯೂ ಮತವಿತ್ತರು. ಪೂರ್ವಾಚಾರದ ಪಕ್ಷಕ್ಕೇ ಸಂಸ್ಥಾನವನ್ನು ಒಪ್ಪಿಸಿದ ಅದೇ ದಿನ, ಅದೇ ಜನ!

ಮತದಾನಕ್ಕೆ ಕೆಲವೇ ದಿನಗಳ ಮುಂಚೆ ಮ್ಯಾಡಿಸನ್ ನಗರವೂ ಅದರ ಮೇಯರೂ ವ್ಯಾಜ್ಯ ಹೂಡಿದ್ದರು. ಅಂಗಡಿಗಳ ಸ್ಥಳವನ್ನು ಗೊತ್ತುಮಾಡುವ ಊರಿನ ಅಧಿಕಾರವನ್ನು ಸೂಚನೆಯು ಬಹಳ ಮೊಟಕಿಸಿದ್ದಿತು. ಆ ದೂರು ನ್ಯಾಯವಾದುದೇ. ಆದರೆ ವ್ಯಾಜ್ಯದ ಕಾರಣವಾಗಿ ಹೇಳಿದುದು ಅದನ್ನಲ್ಲ, ಲೆಕ್ಕವನ್ನು! ಬೇಕಾದ ಹಸ್ತಾಕ್ಷರಗಳಲ್ಲಿ ಕಾಂಗ್ರೆಸ್ ಸಭೆಯ ಒಂದೊಂದು ಕ್ಷೇತ್ರದಿಂದ ಐದನೆಯ ಒಂದಂಶಕ್ಕಿಂತ ಹೆಚ್ಚು ಬರಕೂಡದೆಂದು ವಿಧಿಯಿದೆ. 1992ರಲ್ಲಿ ಆ ವಿಧಿಯನ್ನು ಬರೆದಾಗ ಕ್ಷೇತ್ರಗಳು ಐದು. 2000ದ ಜನಗಣತಿಯ ಮೇಲೆ ನಾಲ್ಕು. ಇಪ್ಪತ್ತು ನಾಲ್ಕಲೆ ಎಂಬತ್ತು, ಎಂದಿಗೂ ನೂರಾಗದು. ಆದ್ದರಿಂದ ಜನರ ಮತವೆಲ್ಲ ವ್ಯರ್ಥವೆಂದು ಸಂಸ್ಥಾನದ ಸರ್ವೋಚ್ಚ ನ್ಯಾಯಾಲಯವು 2021ರ ಮೇ 14ರಂದು ಆರು ಮಂದಿ ಒಂದು ಕಡೆ, ಮೂವರು ಒಂದು ಕಡೆಯಾಗಿ ತೀರ್ಪಿತ್ತಿತು.

ಅಕ್ಷರವು ಸ್ಪಷ್ಟವಾಗಿರುವಾಗ ಅದನ್ನು ತಿದ್ದುವುದು ನ್ಯಾಯಾಧೀಶರ ಕೆಲಸವಲ್ಲವೆಂಬುದು ಬಹುಮತದವರ ವಾದ. ಕೇಳುವುದಕ್ಕೆ ಶುದ್ಧವಾಗಿದೆ. ಆದರೆ ವಾಕ್ಯಾರ್ಥವನ್ನು ನಿರ್ಣಯಿಸುವುದನ್ನೇ ಶಾಸ್ತ್ರವಾಗಿ ಬೆಳೆಸಿದ ಮೀಮಾಂಸಕರು, ಬೇರೆ ಗತಿಯಿರುವಾಗ ವಿಧಿವಾಕ್ಯಕ್ಕೆ ಆನರ್ಥಕ್ಯವನ್ನು ಎಂದೂ ಹೇಳರು. ಜನರಿಗೆ ಹಕ್ಕನ್ನು ಕೊಡುವುದು ಪ್ರಧಾನ. ಹಸ್ತಾಕ್ಷರಗಳನ್ನು ಹಂಚುವುದು ಅದರ ಅಂಗ. ಅಂಗವನ್ನುಳಿಸಲು ಪ್ರಧಾನವನ್ನು ಕೊಲ್ಲುವುದು, ಯಜ್ಞದ ಸೌಟು ಉದ್ದವಾಯಿತೆಂದು ಯಜ್ಞವನ್ನೇ ನಿಲ್ಲಿಸಿದಂತೆ. ಇಲ್ಲಿ ಬೇರೆ ಗತಿಯೂ ಇದ್ದಿತು: ಹಳೆಯ ಐದು ಕ್ಷೇತ್ರಗಳ ವಿವರಣೆಯು ಸಂಸ್ಥಾನದ ಕಾಯಿದೆಯ ಪುಸ್ತಕದಲ್ಲಿ ಇನ್ನೂ ಅಳಿಯದೆ ಇದ್ದಿತು, ಅದರಂತೆಯೇ ಎಣಿಸಬಹುದೆಂದು 2009ರಲ್ಲಿ ಅಡ್ವೊಕೇಟ್ ಜನರಲರ ಸ್ಥಾನದಲ್ಲಿರುವ ಅಟಾರ್ನಿ ಜನರಲರು ಅಭಿಪ್ರಾಯ ಕೊಟ್ಟಿದ್ದರು. 2011ರಲ್ಲಿ, ಎಂದರೆ ಕ್ಷೇತ್ರಗಳು ನಾಲ್ಕಾದ ಎಷ್ಟೋ ವರ್ಷಗಳ ಮೇಲೆ, ಮತದಾರರು ಭಾವಚಿತ್ರದ ಗುರುತುಚೀಟಿಯನ್ನು ತೋರಿಸಬೇಕೆಂಬ ಸೂಚನೆಯೂ, ಸರ್ಕಾರವು ಖಾಸಗಿ ಜಮೀನನ್ನು ವಶಪಡಿಸಿಕೊಳ್ಳುವುದಕ್ಕೆ ಮಿತಿಯಿಡುವ ಸೂಚನೆಯೂ ಈ ಲೆಕ್ಕದಿಂದಲೇ ಮತಕ್ಕೆ ಬಂದು ರಾಜ್ಯಾಂಗವನ್ನು ಸೇರಿದುವು. ಅವನ್ನು ಯಾರೂ ಕಿತ್ತುಹಾಕಲಿಲ್ಲ. ರೋಗಿಯ ಸರದಿ ಬಂದಾಗಲೇ ಮಗ್ಗಿಯು ನೆನಪಿಗೆ ಬಂದುದು ಆಶ್ಚರ್ಯ.

ಕಡೆಗೆ ಶಾಸನಸಭೆಯೇ ಕಾಯಿದೆಯನ್ನು ರಚಿಸಿ, ಗವರ್ನರಾದ ಟೇಟ್ ರೀವ್ಸ್ ಅವರು 2022ರ ಫೆಬ್ರವರಿ 2ರಂದು ಅದಕ್ಕೆ ರುಜು ಹಾಕಿದರು. ಸೊಪ್ಪಿನ ಒಂದು ಮಾನಕ್ಕೆ 3.5 ಗ್ರಾಮು, ವಾರಕ್ಕೆ ಆರು ಮಾನ ಎಂದು ಕಟ್ಟು. ಬೇಡವೆನ್ನುವ ಊರುಗಳು 90 ದಿನಗಳೊಳಗೆ ಹೊರಗುಳಿಯಬಹುದೆಂದು ವಿನಾಯಿತಿ. ಹಲವು ಅಂಶಗಳಲ್ಲಿ ಇದು ಜನರ ಸೂಚನೆಗಿಂತ ಎಚ್ಚರದ ಕಾಯಿದೆಯೆಂಬುದನ್ನು ಒಪ್ಪಬೇಕು. ಇಷ್ಟನ್ನು ಮಾಡಬಲ್ಲವರು ಜನರು ಹಸ್ತಾಕ್ಷರಗಳನ್ನು ಹಿಡಿದು ಬರುವುದಕ್ಕೆ ಮೊದಲೇ ಏಕೆ ಮಾಡಲಿಲ್ಲವೆಂಬುದಕ್ಕೆ ಉತ್ತರವಿಲ್ಲ. ಮಾರಾಟವು ಆರಂಭವಾದುದು 2023ರ ಜನವರಿಯಲ್ಲಿ. ಮತವಿತ್ತ ದಿನದಿಂದ ಎರಡು ವರ್ಷ ಎರಡು ತಿಂಗಳು ಕಳೆದ ಮೇಲೆ. ನ್ಯಾಯಾಲಯದ ಕಡತಕ್ಕೆ ಅದು ಅಲ್ಪಕಾಲ. ಅನ್ನವು ಗಂಟಲಲ್ಲಿ ಇಳಿಯದ ಕ್ಯಾನ್ಸರ್ ರೋಗಿಗೆ ಅದು ಎಷ್ಟು ಕಾಲವೆಂಬುದನ್ನು ಅವನ ಹಾಸಿಗೆಯ ಬಳಿ ಕುಳಿತಿದ್ದವರನ್ನು ಕೇಳಬೇಕು. ಆ 273ನೆಯ ವಿಧಿಯನ್ನು ಸರಿಪಡಿಸಿ ಜನರ ಹಕ್ಕನ್ನು ಹಿಂದಿರುಗಿಸುವ ಪ್ರಯತ್ನಗಳೋ, 2022, 2023, 2024ರ ಮೂರು ಅಧಿವೇಶನಗಳಲ್ಲಿಯೂ ಮುರಿದುಬಿದ್ದುವು.