ಅಡಿಗೆಮನೆಯ ಮಾತು: ಶ್ಯಾವಿಗೆಯೋ, ಕೋಳಿಯೋ?



ಸಿಕಂದರಾಬಾದಿನ ಓದುಗರೊಬ್ಬರು ಪತ್ರ ಬರೆದು ಹೀಗೆ ಕೇಳಿದ್ದಾರೆ: "ನನ್ನ ಎಂಟು ವರ್ಷದ ಮಗನಿಗೆ ಸಾರು ಬೇಡ, ಪಲ್ಯ ಬೇಡ, ರೊಟ್ಟಿಯೂ ಬೇಡ. ದಿನವೂ ಪೊಟ್ಟಣದ ನೂಡಲ್ಸ್ ಒಂದೇ ಬೇಕು. ಕೋಳಿಯ ರುಚಿಯದನ್ನು ಕೊಟ್ಟರೆ ಕೋಳಿಯ ಸತ್ವವೂ ಸೇರುತ್ತದೆ, ಚಿಂತೆ ಏಕೆ ಎಂದು ನೆರೆಮನೆಯವರು ಹೇಳುತ್ತಾರೆ. ಇದು ನಿಜವೇ?"

ಈ ಪತ್ರವನ್ನು ಓದಿ ನನಗೆ ನಗು ಬರಲಿಲ್ಲ, ನಾಚಿಕೆಯಾಯಿತು. ಏಕೆಂದರೆ ಇದೇ ತಪ್ಪನ್ನು ನಾನೂ ಮಾಡಿದವಳು. ಕಳೆದ ವರ್ಷ ನನ್ನ ಮೊಮ್ಮಗ ಮೂರು ತಿಂಗಳು ನನ್ನ ಬಳಿಯಲ್ಲಿದ್ದ. ಶಾಲೆಯಿಂದ ಬಂದವನಿಗೆ ಹಸಿವು, ನನಗೆ ಮಂಡಿನೋವು. ಪೊಟ್ಟಣ ಒಡೆದು ಬಿಸಿನೀರಿಗೆ ಹಾಕಿದರೆ ಅವನು ತಟ್ಟೆಯನ್ನು ನೆಕ್ಕಿ ಏಳುತ್ತಿದ್ದ. ರಾತ್ರಿಯ ಊಟಕ್ಕೆ ಕರೆದರೆ "ಹಸಿವಿಲ್ಲ ಅಜ್ಜಿ" ಎನ್ನುತ್ತಿದ್ದ. ಹೇಗೂ ಹೊಟ್ಟೆ ತುಂಬಿದೆಯಲ್ಲ ಎಂದು ನಾನು ಸುಮ್ಮನಾಗುತ್ತಿದ್ದೆ. ಒಂದು ದಿನ ಅವನು ತಾಯಿಗೆ ಫೋನಿನಲ್ಲಿ, "ಅಜ್ಜಿ ನನಗೆ ದಿನಾ ಕೋಳಿ ಮಾಡಿ ಕೊಡುತ್ತಾಳೆ" ಎಂದ. ಅತ್ತ ಕಡೆ ನನ್ನ ಮಗಳಿಗೆ ಎಷ್ಟು ಸಂತೋಷ! "ಅಮ್ಮ, ನಿನ್ನ ಹತ್ತಿರ ಬಿಟ್ಟದ್ದು ಒಳ್ಳೆಯದಾಯಿತು" ಎಂದಳು. ಆ ಮಾತು ಮುಳ್ಳಿನಂತೆ ಚುಚ್ಚಿತು. ಕನ್ನಡಕ ಹಾಕಿಕೊಂಡು ಕಸದ ಬುಟ್ಟಿಯಿಂದ ಪೊಟ್ಟಣವನ್ನು ತೆಗೆದು ಓದಿದೆ.

ಪೊಟ್ಟಣದ ಮುಂಭಾಗದಲ್ಲಿ ಕೋಳಿಯ ಚಿತ್ರ ಅಂಗೈಯಗಲ. ಹಿಂಭಾಗದಲ್ಲಿ ಪದಾರ್ಥಗಳ ಪಟ್ಟಿ ಇರುವೆ ಸಾಲು. ನಮ್ಮ ದೇಶದ ಕಾನೂನಿನಂತೆ, ಯಾವ ಪದಾರ್ಥ ಹೆಚ್ಚು ತೂಕದ್ದೋ ಅದನ್ನು ಮೊದಲು ಬರೆಯಬೇಕು. ಮೊದಲನೆಯದು ಮೈದಾ. ಎರಡನೆಯದು ತಾಳೆ ಎಣ್ಣೆ. ಮುಂದೆ ಉಪ್ಪು, ಮಸಾಲೆ. ಕೋಳಿ ಇದ್ದದ್ದು ಪಟ್ಟಿಯ ಬಾಲದಲ್ಲಿ, ಮಸಾಲೆಯ ಪುಡಿಯೊಳಗೆ. ಮದುವೆಯ ಕರೆಯೋಲೆಯಲ್ಲಿ ದೂರದ ನೆಂಟರ ಹೆಸರು ಇದ್ದಂತೆ! ಕೆಲವು ಪೊಟ್ಟಣಗಳಲ್ಲಿ ಅಷ್ಟೂ ಇರುವುದಿಲ್ಲ, ಬರಿಯ ವಾಸನೆ ಮಾತ್ರ. ಮಾಂಸದ ಅಂಶವಿದ್ದರೆ ಕಂದು ತ್ರಿಕೋನದ ಗುರುತು, ಇಲ್ಲದಿದ್ದರೆ ಹಸಿರು ಚುಕ್ಕೆ ಇರಬೇಕೆಂಬುದು ನಿಯಮ. ಕಂದು ಗುರುತು ಕಂಡರೂ ಒಂದು ಚೂರು ಕೋಳಿ ತಿಂದಂತಾಯಿತೆಂದು ತಿಳಿಯಬಾರದು.

ಕೋಳಿಯ ಹೆಸರಿಗೂ ಈ ತಿಂಡಿಗೂ ಇರುವ ನಂಟು ಹುಟ್ಟಿನಿಂದಲೇ ಬಂದುದು. 1958 ರಲ್ಲಿ ಜಪಾನಿನ ಒಸಾಕಾ ಸೀಮೆಯಲ್ಲಿ ಮೊಮೊಫುಕು ಆಂಡೊ ಎಂಬವರು ಮೊತ್ತಮೊದಲ ದಿಢೀರ್ ನೂಡಲ್ಸನ್ನು ಮಾರಾಟಕ್ಕೆ ತಂದರು. ಅದರ ಹೆಸರೇ 'ಚಿಕನ್ ರಾಮೆನ್'. ಹಬೆಯಲ್ಲಿ ಬೇಯಿಸಿದ ಎಳೆಗಳನ್ನು ಕಾದ ಎಣ್ಣೆಗೆ ಬಿಟ್ಟರೆ ನೀರೆಲ್ಲ ಆವಿಯಾಗಿ ಹೋಗಿ, ಎಳೆಯ ತುಂಬ ಸಣ್ಣ ಸಣ್ಣ ರಂಧ್ರಗಳು ಉಳಿಯುತ್ತವೆ. ಆಮೇಲೆ ಬಿಸಿನೀರು ಆ ರಂಧ್ರಗಳಲ್ಲಿ ನುಗ್ಗಿ ಕ್ಷಣದಲ್ಲಿ ಮೆತ್ತಗಾಗಿಸುತ್ತದೆ. ಎರಡು ನಿಮಿಷದ ಗುಟ್ಟು ಇದೇ. ನೀರು ಹೋದ ಜಾಗದಲ್ಲಿ ಎಣ್ಣೆ ಸೇರಿಕೊಳ್ಳುತ್ತದೆ ಎಂಬುದೂ ಇದೇ ಗುಟ್ಟಿನ ಇನ್ನೊಂದು ಮುಖ.

ಅದೇ 1958 ರಲ್ಲಿ ನಮ್ಮ ಹೈದರಾಬಾದಿನಲ್ಲಿಯೂ ಒಂದು ದೊಡ್ಡ ಸಂಗತಿ ನಡೆಯಿತು. ಕೂನೂರಿನಲ್ಲಿದ್ದ ಪೌಷ್ಟಿಕಾಹಾರ ಸಂಶೋಧನಾಲಯವು ಇಲ್ಲಿಗೆ ಬಂತು. 1969 ರಿಂದ ರಾಷ್ಟ್ರೀಯ ಪೋಷಣಾ ಸಂಸ್ಥೆ ಎಂಬ ಹೆಸರು ಪಡೆದು ತಾರ್ನಾಕದ ಬಳಿ ನಿಂತಿರುವುದು ಅದೇ. ನಮ್ಮಲ್ಲಿ ಎಷ್ಟೋ ಮಂದಿ ಬಸ್ಸಿನ ಕಿಟಕಿಯಿಂದ ಅದನ್ನು ನೋಡಿದವರೇ. ಜೋಳದಲ್ಲೆಷ್ಟು ಸತ್ವ, ಬೇಳೆಯಲ್ಲೆಷ್ಟು, ಕೋಳಿಯಲ್ಲೆಷ್ಟು ಎಂದು ತೂಗಿ ಅಳೆದು ಬರೆದಿಡುವ ಕೆಲಸ ಕೂನೂರಿನಲ್ಲಿಯೇ ಆರಂಭವಾಗಿತ್ತು; ಆಯ್‌ಕ್ರಾಯ್ಡ್ ಅವರ ಮೊದಲ ಪಟ್ಟಿ 1937 ರಲ್ಲಿ ಹೊರಬಂತು. 2017 ರಲ್ಲಿ ಹೈದರಾಬಾದಿನ ಸಂಸ್ಥೆ ಹೊರತಂದ ಪಟ್ಟಿಯಲ್ಲಿ 528 ಆಹಾರಗಳ ಲೆಕ್ಕವಿದೆ. ಇಂಥ ಊರಿನಲ್ಲಿ ವಾಸಿಸುವ ನಾವು ಕೋಳಿಯ ಚಿತ್ರ ನೋಡಿ ಮೋಸಹೋಗಬಹುದೇ?

ಇನ್ನು ಲೆಕ್ಕಕ್ಕೆ ಬರೋಣ. ಮೈ ಬೆಳೆಯುವುದಕ್ಕೆ ಬೇಕಾದ ಮುಖ್ಯ ವಸ್ತು ಸಸಾರಜನಕ. ಮಕ್ಕಳು ಶಾಲೆಯಲ್ಲಿ ಪ್ರೋಟೀನ್ ಎಂದು ಓದುವುದು ಇದನ್ನೇ. ಏಳರಿಂದ ಒಂಬತ್ತು ವರ್ಷದ ಮಗುವಿಗೆ ದಿನಕ್ಕೆ ಸುಮಾರು 23 ಗ್ರಾಂ ಬೇಕು. 70 ಗ್ರಾಂ ತೂಗುವ ನೂಡಲ್ಸ್ ಪೊಟ್ಟಣದಲ್ಲಿ ಸಿಗುವುದು 6 ಅಥವಾ 7 ಗ್ರಾಂ. ಎಲುಬಿಲ್ಲದ ಕೋಳಿಮಾಂಸ 100 ಗ್ರಾಮಿನಲ್ಲಿ ಸುಮಾರು 20 ಗ್ರಾಂ ಇರುತ್ತದೆ. ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಿರಿ. ನೂಡಲ್ಸಿನ ತೂಕ ಒಣಗಿದ ಪದಾರ್ಥದ್ದು. ಹಸಿ ಕೋಳಿಯಲ್ಲಾದರೋ ಹೆಚ್ಚುಕಡಿಮೆ ಮುಕ್ಕಾಲು ಪಾಲು ನೀರೇ. ಹಾಗಿದ್ದರೂ ಕೋಳಿಯದೇ ಮೇಲುಗೈ.

ಕೋಳಿಯ ಆ 20 ಗ್ರಾಮನ್ನು ನೂಡಲ್ಸಿನಿಂದಲೇ ಪಡೆಯುವೆನೆಂದರೆ ಮೂರು ಪೊಟ್ಟಣ ಬೇಕು. ಒಂದೊಂದರಲ್ಲಿ ಸುಮಾರು 300 ಕ್ಯಾಲೊರಿ, 10 ಗ್ರಾಂ ಕೊಬ್ಬು, 2 ಗ್ರಾಮಿನಷ್ಟು ಉಪ್ಪು. ಕಂಪೆನಿಯಿಂದ ಕಂಪೆನಿಗೆ ಸ್ವಲ್ಪ ಹೆಚ್ಚುಕಡಿಮೆ ಇದ್ದೀತು. ಮೂರು ಪೊಟ್ಟಣವೆಂದರೆ 900 ಕ್ಯಾಲೊರಿ. ಆ ವಯಸ್ಸಿನ ಮಗುವಿಗೆ ಇಡೀ ದಿನಕ್ಕೆ ಬೇಕಾದುದು ಸುಮಾರು 1700. ಉಪ್ಪು 6 ಗ್ರಾಂ ಆಯಿತು. ದೊಡ್ಡವರಿಗೇ ದಿನಕ್ಕೆ 5 ಗ್ರಾಂ ಮೀರಬಾರದೆಂದು ಹೇಳುತ್ತಾರೆ.

ಪ್ರಮಾಣವಲ್ಲದೆ ಗುಣದಲ್ಲಿಯೂ ವ್ಯತ್ಯಾಸವುಂಟು. ಸಸಾರಜನಕವು ಹಲವು ಬಗೆಯ ಮಣಿಗಳನ್ನು ಪೋಣಿಸಿದ ಸರವಿದ್ದಂತೆ. ಗೋಧಿಯ ಸರದಲ್ಲಿ ಲೈಸಿನ್ ಎಂಬ ಮಣಿ ಕಡಿಮೆ. ಕೋಳಿ, ಮೊಟ್ಟೆ, ಹಾಲುಗಳಲ್ಲಿ ಅದು ಧಾರಾಳ. ಬೇಳೆಯಲ್ಲಿಯೂ ಧಾರಾಳ. ಆದುದರಿಂದಲೇ ನಮ್ಮ ಹಿರಿಯರು ಅನ್ನಕ್ಕೆ ತೊವ್ವೆಯನ್ನು, ಜೋಳದ ರೊಟ್ಟಿಗೆ ಬೇಳೆ ಹಾಕಿದ ಪುಂಡಿಪಲ್ಯವನ್ನು ಜೊತೆಗಿಟ್ಟರು. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಮಾಂಸ ಮುಟ್ಟದ ಮನೆಗಳ ಮಕ್ಕಳೂ ಗಟ್ಟಿಮುಟ್ಟಾಗಿ ಬೆಳೆದದ್ದು ಹೀಗೆ.

ಹಾಗೆಂದು ಕೋಳಿಯನ್ನು ಪೂರ್ಣಾಹಾರವೆಂದು ಹೊಗಳಬೇಕಾಗಿಲ್ಲ. ಅದರಲ್ಲಿ ಪಿಷ್ಟವಿಲ್ಲ, ನಾರಿಲ್ಲ, ಸಿ ಜೀವಸತ್ವ ಇಲ್ಲವೆನ್ನಬಹುದು, ಸುಣ್ಣದ ಅಂಶ ತೀರ ಕಡಿಮೆ. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಮಿಗೂ ಹೆಚ್ಚು ಸುಣ್ಣದ ಅಂಶವಿದೆ. ಆ ವಿಷಯದಲ್ಲಿ ಕೋಳಿಯು ರಾಗಿಮುದ್ದೆಯ ಮುಂದೆ ತಲೆತಗ್ಗಿಸಬೇಕು. ಹೊಟ್ಟೆ ತುಂಬಿಸುವ ಶಕ್ತಿಯೂ ಅಗತ್ಯವೇ. 1960 ರ ದಶಕದಲ್ಲಿ ಹೈದರಾಬಾದಿನ ಈ ಸಂಸ್ಥೆಯ ನಿರ್ದೇಶಕರಾಗಿದ್ದ ಡಾ. ಸಿ. ಗೋಪಾಲನ್ ಅವರು ಇದನ್ನೇ ಒತ್ತಿ ಹೇಳಿದರು: ಬಡಮಕ್ಕಳ ಸೊರಗಿಗೆ ಮುಖ್ಯ ಕಾರಣ ಸಸಾರಜನಕವೊಂದರ ಅಭಾವವಲ್ಲ, ಒಟ್ಟು ಆಹಾರವೇ ಸಾಲದಿರುವುದು. ಕಾಳು-ಬೇಳೆಯ ಊಟವನ್ನೇ ಹೊಟ್ಟೆತುಂಬ ಕೊಟ್ಟರೆ ಸಸಾರಜನಕವೂ ಅದರೊಡನೆ ಬರುತ್ತದೆ. ನಮ್ಮ ಮಕ್ಕಳ ತೊಂದರೆ ಬೇರೆ ಬಗೆಯದು. ಹೊಟ್ಟೆಯೇನೋ ತುಂಬುತ್ತದೆ, ಅದು ತುಂಬಿದ್ದರಿಂದಲೇ ಬೇಳೆಗೂ ಸೊಪ್ಪಿಗೂ ಜಾಗ ಉಳಿಯುವುದಿಲ್ಲ. ನನ್ನ ಮೊಮ್ಮಗ ಕಳೆದುಕೊಂಡದ್ದು ಕೋಳಿಯನ್ನಲ್ಲ, ರಾತ್ರಿಯ ಊಟವನ್ನು.

ಆದುದರಿಂದ, "ನೂಡಲ್ಸೋ ಕೋಳಿಯೋ" ಎಂಬ ಪ್ರಶ್ನೆಯೇ ಸರಿಯಲ್ಲ. ನೂಡಲ್ಸ್ ನಿಲ್ಲಬೇಕಾದ ಜಾಗ ಅನ್ನದ್ದು, ರೊಟ್ಟಿಯದು. ಕೋಳಿ ನಿಲ್ಲುವ ಜಾಗ ಬೇಳೆಯದು, ಮೊಟ್ಟೆಯದು, ಮೊಸರಿನದು. ನಮ್ಮ ನಾಡಿನಲ್ಲಿ ಇವೆರಡೂ ಎಂದೂ ಎದುರಾಳಿಗಳಾಗಿರಲಿಲ್ಲ. ಹಳೆಯ ಮೈಸೂರಿನ ಕಡೆ ಒತ್ತು ಶ್ಯಾವಿಗೆಗೆ ಕೋಳಿಸಾರು, ಕೊಡಗಿನಲ್ಲಿ ನೂಪುಟ್ಟಿಗೆ ಕೋಳಿಯ ಕರಿ. ಮಾಂಸ ಬೇಡದವರಿಗೆ ಶ್ಯಾವಿಗೆಯೊಡನೆ ಕಾಯಿಹಾಲು. ಶ್ಯಾವಿಗೆಯೊಂದನ್ನೇ ತಟ್ಟೆಗೆ ಹಾಕಿ ಊಟವಾಯಿತೆಂದವರು ಯಾರೂ ಇರಲಿಲ್ಲ.

ಪತ್ರ ಬರೆದ ಸೋದರಿಯನ್ನು ನಾನು ದೂರುವುದಿಲ್ಲ. ಪರಊರು, ದುಡಿಮೆ, ಮನೆಗೆ ಬರುವಾಗ ರಾತ್ರಿ ಎಂಟು, ಕೈಗೊದಗುವ ಅತ್ತೆ-ಅಮ್ಮಂದಿರು ಕಲಬುರಗಿಯಲ್ಲೋ ಮಂಡ್ಯದಲ್ಲೋ. ಪೊಟ್ಟಣವು ಇಂಥ ಮನೆಗಳಿಗೇ ಬಂದ ನೆಂಟ. ಅದನ್ನು ಹೊರಗೆ ಅಟ್ಟುವುದು ಬೇಡ, ಮನೆಯ ಯಜಮಾನನಾಗಿ ಮಾಡುವುದೂ ಬೇಡ. ವಾರಕ್ಕೊಂದು ದಿನ ಕೊಟ್ಟರೆ ಸಾಕು. ಕೊಡುವ ದಿನ ಮಸಾಲೆಪುಡಿಯನ್ನು ಅರ್ಧವೇ ಹಾಕಿರಿ. ಉಪ್ಪಿನ ಬಹುಪಾಲು ಇರುವುದು ಅದರಲ್ಲಿಯೇ. ಒಂದು ಹಿಡಿ ಬಟಾಣಿ, ಕ್ಯಾರೆಟ್, ಸೊಪ್ಪು ಸೇರಿಸಿರಿ. ಮೇಲೆ ಒಂದು ಮೊಟ್ಟೆ ಒಡೆದು ಹಾಕಿದರೆ 6 ಗ್ರಾಂ ಒಳ್ಳೆಯ ಸಸಾರಜನಕ ಸೇರಿತು. ಮೊಟ್ಟೆ ತಿನ್ನದವರು 30 ಗ್ರಾಂ ಹುರಿದ ಕಡಲೆಕಾಯಿ ಬೀಜವನ್ನೋ ಒಂದು ಲೋಟ ಹಾಲನ್ನೋ ಕೊಟ್ಟರೆ ಅಷ್ಟೇ ಫಲ. ಕೋಳಿ ತಿನ್ನುವ ಮನೆಯವರು ಭಾನುವಾರದ ಸಾರಿನಿಂದ ಎರಡು ತುಂಡು ಎತ್ತಿಟ್ಟು, ಮರುದಿನ ಬಿಡಿಸಿ ಇದಕ್ಕೆ ಬೆರೆಸಬಹುದು. ಆಗ ಅದು ನಿಜವಾದ ಕೋಳಿಯ ನೂಡಲ್ಸ್!

ನನ್ನ ಕಥೆಯ ಕೊನೆಯನ್ನು ಹೇಳಿ ಮುಗಿಸುತ್ತೇನೆ. ಮಗಳಿಗೆ ಫೋನು ಮಾಡಿ ಇದ್ದುದನ್ನು ಇದ್ದಂತೆ ಒಪ್ಪಿಕೊಂಡೆ. ಅವಳು ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಆಮೇಲೆ, "ನಾನೂ ಇಲ್ಲಿ ಅದನ್ನೇ ಮಾಡುತ್ತಿದ್ದೆ ಅಮ್ಮ" ಎಂದಳು. ಆ ಭಾನುವಾರ ಅಟ್ಟದ ಮೇಲಿದ್ದ ಶ್ಯಾವಿಗೆ ಒರಳನ್ನು ಇಳಿಸಿದೆ. ಬಿಸಿ ಉಂಡೆಯನ್ನು ನಾನು ಒರಳಿಗೆ ಇಟ್ಟೆ. ಹಿಡಿಗೆ ಜೋತುಬಿದ್ದು ಒತ್ತಿದವನು ಮೊಮ್ಮಗ. ಎಳೆ ಇಳಿದುದನ್ನು ಕಂಡು, "ಅಜ್ಜಿ, ಇದು ಎಷ್ಟು ನಿಮಿಷದ ನೂಡಲ್ಸ್?" ಎಂದು ಕೇಳಿದ. "ಎರಡು ಗಂಟೆಯದು ಮಗೂ" ಎಂದೆ. ಒಲೆಯ ಮೇಲೆ ಕೋಳಿಸಾರು ಕುದಿಯುತ್ತಿತ್ತು. ಅಂದು ಅವನು ತಾಯಿಗೆ ಫೋನಿನಲ್ಲಿ ಹೇಳಿದ ಮಾತು ಸುಳ್ಳಾಗಿರಲಿಲ್ಲ.

ನಿಮ್ಮ ಮನೆಯಲ್ಲಿ ಮಕ್ಕಳು ಬೇಳೆ-ಸೊಪ್ಪನ್ನು ಒಲಿದು ತಿನ್ನುವಂತೆ ಮಾಡಿದ ಉಪಾಯವಿದ್ದರೆ ಬರೆದು ಕಳುಹಿಸಿರಿ. ಮುಂದಿನ ಸಂಚಿಕೆಯಲ್ಲಿ ಎಲ್ಲರೊಡನೆ ಹಂಚಿಕೊಳ್ಳೋಣ.